ಹೆಪ್ಪು ಹಾಕಿದ್ದು, ಹೆಪ್ಪುಗಟ್ಟಿದ್ದು

ಬೆಳಿಗ್ಗೆ ಚಹಾಕ್ಕೆ ಹಾಲು ತೆಗೆಯಲು ಹೋದ ಆಯಿ ಫ್ರಿಜ್ಜಿನ ಬಾಗಿಲು ತೆರೆದವಳು ಮುಚ್ಚಲೇ ಇಲ್ಲ. "ತಮಾ, ಇಲ್ಬಾ. ನಿನ್ನ ಬಾಟ್ಲಿ ಒಡದೋಯ್ದು" ಅಂದಳು. ದನಿಯಲ್ಲಿ ಗಾಬರಿ ಇರಲಿಲ್ಲ. ಇದು ಎಂದಾದರೂ ಆಗುವುದೇ, ಇವತ್ತು ಆಯಿತು ಅಷ್ಟೇ ಎನ್ನುವ ಹಾಗಿತ್ತು.

ಹೋಗಿ ನೋಡಿದೆ. ಮೇಲಿನ ರ‍್ಯಾಕಿನಲ್ಲಿ ಅಡ್ಡ ಮಲಗಿಸಿದ್ದ ನಾಲ್ಕು ಕಂದು ಬಾಟ್ಲಿಗಳಲ್ಲಿ ತೀರಾ ಒಳಗಿನದು ಉದ್ದಕ್ಕೆ ಸೀಳಿತ್ತು. ಗಾಜು ಚೂರಾಗಿ ಚೆಲ್ಲಿರಲಿಲ್ಲ. ಒಳಗಿನ ಐಸೇ ಅದನ್ನು ಹಿಡಿದುಕೊಂಡಿತ್ತು. ಎರಡನೆಯದರ ಬಿರಡೆ ಪೂರಿಯಂತೆ ಉಬ್ಬಿ, ಅದರ ಸಂದಿನಿಂದ ನೊರೆ ಬಂದು ಕುತ್ತಿಗೆಯ ಮೇಲೆ ಗಟ್ಟಿಯಾಗಿತ್ತು. ಮೂರನೆಯದರೊಳಗೆ ಮಬ್ಬು ಮಬ್ಬು ಐಸು. ನಾಲ್ಕನೆಯದು ಮಾತ್ರ ಏನೂ ನಡೆದೇ ಇಲ್ಲ ಎಂಬಂತೆ ತಿಳಿಯಾಗಿ ಮಲಗಿತ್ತು. ಕೆಳಗಿನ ರ‍್ಯಾಕಿನಲ್ಲಿ ಆಯಿ ಹಿಂದಿನ ದಿನ ಉಳಿಸಿಟ್ಟ ಒಂದೆಲಗದ ತಂಬುಳಿಗೆ ಮೇಲಿಂದ ನಾಲ್ಕು ಹನಿ ಕಂದು ನೀರು ಬಿದ್ದಿತ್ತು. ಗಾಜಿನ ಭಯಕ್ಕೆ ತಂಬುಳಿಯನ್ನು ತೆಂಗಿನ ಬುಡಕ್ಕೆ ಚೆಲ್ಲಿದೆವು. ಆಯಿಗೆ ಬೇಜಾರಾಗಿದ್ದು ಅದಕ್ಕೆ.

ಬಾಟ್ಲಿಯಲ್ಲಿ ಇದ್ದದ್ದು ಏನು ಎಂದು ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಮನೆಯಲ್ಲಿ ಅದರ ಹೆಸರೇ ಒಂದು ತಕರಾರು. ಇಂಗ್ಲಿಷರು ಅದನ್ನು ಜಿಂಜರ್ ಬಿಯರ್ ಅನ್ನುತ್ತಾರೆ. ನಾನು ಮೊದಲ ಸಲ ಜಗಲಿಯಲ್ಲಿ ಕೂತು ಹಾಗಂದಾಗ ಅಪ್ಪ ಪೇಪರು ಕೆಳಗಿಟ್ಟರು. ಆಮೇಲೆ ಅದು ನಮ್ಮಲ್ಲಿ "ಶುಂಠಿ ಸೋಡಾ" ಆಯಿತು. ಆದರೆ ಅಪ್ಪ ಊಟವಾದ ಮೇಲೆ ದಿನಾ ಎರಡು ಚಮಚ ಕುಡಿಯುವ ದ್ರಾಕ್ಷಾರಿಷ್ಟದ ಬಾಟ್ಲಿಯ ಚೀಟಿಯ ಮೇಲೆ ತಾನಾಗಿ ಹುಟ್ಟಿದ ಆಲ್ಕೊಹಾಲ್ ಇದೆ ಎಂದು ಸಣ್ಣಕ್ಷರದಲ್ಲಿ ಬರೆದಿರುತ್ತದೆ. ಆಸವ ಅರಿಷ್ಟಗಳೆಲ್ಲ ಹುದುಗಿಸಿಯೇ ಆಗುವಂಥವು, ಅವಕ್ಕೆ ಧಾತಕಿ ಹೂವು ಹಾಕುವುದೂ ಹುದುಗು ಬರಲೆಂದೇ. ಅವುಗಳಲ್ಲಿ ನನ್ನ ಸೋಡಾಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಆಲ್ಕೊಹಾಲ್ ಇರುತ್ತದೆ. ಇದನ್ನು ಅಪ್ಪನಿಗೆ ಒಂದೇ ಸಲ ಹೇಳಿದ್ದು. "ಅದು ಔಷಧಿ" ಅಂದರು. ಮಾತು ಮುಗಿಯಿತು.

ಬಾರ್ಲಿಯ ನಿಜವಾದ ಬಿಯರ್ ಮಾಡುವ ಆಸೆ ನನಗೂ ಇತ್ತು. ಚಿಕ್ಕಪ್ಪನ ಮಗ ಮಿನ್ನಿಯಾಪೊಲಿಸ್‌ನಲ್ಲಿದ್ದಾನೆ, ಅವನ ಗ್ಯಾರೇಜಿನ ಅರ್ಧ ಜಾಗ ಅದಕ್ಕೇ ಮೀಸಲು. ಅಮೆರಿಕದಲ್ಲಿ 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನ ಮೇಲೆ ಇಬ್ಬರು ದೊಡ್ಡವರಿರುವ ಮನೆ ವರ್ಷಕ್ಕೆ 200 ಗ್ಯಾಲನ್‌ವರೆಗೆ ತೆರಿಗೆಯಿಲ್ಲದೆ ಬಿಯರ್ ಮಾಡಿಕೊಳ್ಳಬಹುದು, ಅಂದರೆ ಸುಮಾರು 757 ಲೀಟರ್. ಅಷ್ಟನ್ನು ಯಾರು ಕುಡಿಯುತ್ತಾರೋ ದೇವರೇ ಬಲ್ಲ. ನಮ್ಮಲ್ಲಿ 1965ರ ಕರ್ನಾಟಕ ಅಬಕಾರಿ ಕಾಯ್ದೆ ಇದೆ. ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಬಿಯರ್ ಕಾಯಿಸಿದರೆ ಅಪರಾಧ. ಹಾಗಾಗಿ ಅವನ ಪಾಠವೆಲ್ಲ ಕೇಳಿ, ಅದನ್ನು ನಮ್ಮೂರಿನ ಶುಂಠಿಯ ಮೇಲೆ ಪ್ರಯೋಗ ಮಾಡಿದೆ.

ಶುಂಠಿಗೆ ನಮ್ಮಲ್ಲಿ ಬರವಿಲ್ಲ. ಬನವಾಸಿ ಕಡೆ ಗದ್ದೆಗದ್ದೆಯೇ ಶುಂಠಿ, ಅನಾನಸು. ಮಣ್ಣು ಹತ್ತಿದ ಹಸಿ ಶುಂಠಿ ತಂದು, ಸಿಪ್ಪೆ ಹೆರೆಯದೆ ಬರೀ ತೊಳೆದು ತುರಿದು, ಒಂದು ಗಾಜಿನ ಜಾಡಿಯಲ್ಲಿ ನೀರು, ಸಕ್ಕರೆ ಹಾಕಿ ಇಟ್ಟರೆ ಆಯಿತು. ದಿನಾ ಒಂದು ಚಮಚ ತುರಿ, ಒಂದು ಚಮಚ ಸಕ್ಕರೆ ತಿನ್ನಿಸಬೇಕು. ಐದಾರು ದಿನಕ್ಕೆ ಕಿವಿ ಹತ್ತಿರ ತಂದರೆ ಚುರುಚುರು ಸದ್ದು. ಸಿಪ್ಪೆಯ ಮೇಲೇ ಇರುವ ಕಾಡು ಯೀಸ್ಟು, ಮೊಸರಿನ ಬಂಧುಗಳಾದ ಹುಳಿ ಬ್ಯಾಕ್ಟೀರಿಯಾ ಎರಡೂ ಕೂಡಿ ಮಾಡುವ ಕೆಲಸ ಅದು. ಆಯಿ ಮೊದಲ ದಿನವೇ ಅದಕ್ಕೆ "ಹೆಪ್ಪು" ಎಂದು ಹೆಸರಿಟ್ಟಳು. ಅದಕ್ಕಿಂತ ಸರಿಯಾದ ಹೆಸರು ನನಗೆ ಇನ್ನೂ ಸಿಕ್ಕಿಲ್ಲ.

ಇಂಗ್ಲೆಂಡಿನಲ್ಲಿ ಮನೆಯಿಂದ ಮನೆಗೆ ಹಂಚಿಕೊಳ್ಳುತ್ತಿದ್ದ ಇಂಥದ್ದೇ ಹೆಪ್ಪೊಂದಿತ್ತು, ಜಿಂಜರ್ ಬಿಯರ್ ಪ್ಲಾಂಟ್ ಎಂದು ಅದರ ಹೆಸರು. ನನ್ನದು ಅದಲ್ಲ, ಅದು ಬೇರೆಯೇ ಕುಲ. ಅದನ್ನು ಬಿಡಿಸಿ ನೋಡಿ, ಒಂದು ಯೀಸ್ಟೂ ಒಂದು ಬ್ಯಾಕ್ಟೀರಿಯಾವೂ ಒಂದಕ್ಕೊಂದು ಆಸರೆಯಾಗಿ ಬದುಕುತ್ತವೆ ಎಂದು 1892ರಲ್ಲಿ ಬರೆದವನು ಹ್ಯಾರಿ ಮಾರ್ಷಲ್ ವಾರ್ಡ್. ಅದಕ್ಕೂ ಮೊದಲು, 1880ರಲ್ಲಿ, ಅವನು ಸಿಲೋನಿಗೆ ಬಂದು ಕಾಫಿ ತೋಟಗಳನ್ನು ಹಾಳುಮಾಡುತ್ತಿದ್ದ ಎಲೆ ತುಕ್ಕಿನ ಬೆನ್ನು ಹತ್ತಿದ್ದ. ಕೊಳೆರೋಗದ ಮದ್ದಿಗಾಗಿ ಪ್ರತಿ ಮಳೆಗಾಲ ಮೈಲುತುತ್ತ, ಸುಣ್ಣ ಕಲಸುವ ಅಡಿಕೆ ತೋಟದವನಿಗೆ ಇಂಥ ಮನುಷ್ಯ ಹತ್ತಿರದವನೆನಿಸುತ್ತಾನೆ. ಅಪ್ಪನಿಗೂ ಈ ಕತೆ ಹಿಡಿಸಿತು. ಸೋಡಾಕ್ಕೆ ಸ್ವಲ್ಪ ಮರ್ಯಾದೆ ಬಂದದ್ದು ಅಂದಿನಿಂದ.

ನನ್ನ ಅಳತೆ ಹೀಗೆ. ಆರು ಲೀಟರ್ ನೀರಿಗೆ ಕಾಲು ಕಿಲೋಕ್ಕಿಂತ ಚೂರು ಹೆಚ್ಚು ಶುಂಠಿ ಜಜ್ಜಿ ಹಾಕಿ ಇಪ್ಪತ್ತು ನಿಮಿಷ ಕುದಿಸುವುದು. ಇಳಿಸುವ ಮೊದಲು ಮುಕ್ಕಾಲು ಕಿಲೋ ಜೋನಿ ಬೆಲ್ಲ. ಸಕ್ಕರೆ ಹಾಕಿದರೂ ಆಗುತ್ತದೆ. ಆದರೆ ಆಲೆಮನೆಯಿಂದ ಡಬ್ಬಿಗಟ್ಟಲೆ ಜೋನಿ ತಂದಿಟ್ಟುಕೊಂಡ ಮನೆಯಲ್ಲಿ ಸಕ್ಕರೆ ಹಾಕುವುದಕ್ಕೆ ಮನಸ್ಸು ಬರುವುದಿಲ್ಲ. ಪೂರ್ತಿ ತಣಿದ ಮೇಲೆ ಸೋಸಿ, ನಾಲ್ಕು ನಿಂಬೆ ಹಿಂಡಿ, ಒಂದು ಸೌಟು ಹೆಪ್ಪು. ಭರಣಿಯ ಬಾಯಿಗೆ ಬಟ್ಟೆ ಕಟ್ಟಿ ಎರಡು ದಿನ, ಬಾಟ್ಲಿಗೆ ತುಂಬಿ ಇನ್ನೆರಡು ದಿನ. ಉಪ್ಪಿನಕಾಯಿ ಭರಣಿ ಕೇಳಿದ್ದಕ್ಕೆ ಆಯಿ ಕೊಡಲಿಲ್ಲ, ಬೇರೆಯದೇ ಕೊಂಡೆ. ಗಾಜಿನ ಬಾಟ್ಲಿಗಳು ಶಿರಸಿಯ ಗುಜರಿಯವನಿಂದ ತಂದ 650 ಮಿಲಿಯವು, ಬಿರಡೆ ಮತ್ತು ಅದನ್ನು ಒತ್ತುವ ಕೈಯಂತ್ರ ಆನ್‌ಲೈನಿನಲ್ಲಿ ತರಿಸಿದ್ದು. ಪ್ರತಿ ಸಲ ಒಂದೆರಡು ಪ್ಲಾಸ್ಟಿಕ್ ಬಾಟ್ಲಿಗೂ ತುಂಬುತ್ತೇನೆ. ಗಾಜಿನೊಳಗೆ ಗ್ಯಾಸು ಎಷ್ಟಾಯಿತು ಎಂದು ಹೊರಗಿಂದ ಗೊತ್ತಾಗುವುದಿಲ್ಲ. ಪ್ಲಾಸ್ಟಿಕ್ಕನ್ನು ಹಿಸುಕಿ ನೋಡಬಹುದು. ಅದು ಕಲ್ಲಿನಂತಾದ ಕೂಡಲೇ ಎಲ್ಲವನ್ನೂ ಫ್ರಿಜ್ಜಿಗೆ ಸೇರಿಸಬೇಕು, ಇಲ್ಲವಾದರೆ ಬಾಟ್ಲಿ ಸಿಡಿಯುತ್ತದೆ. ತಣ್ಣಗಾದರೆ ಯೀಸ್ಟು ಮಲಗುತ್ತದೆ, ಆಲ್ಕೊಹಾಲೂ ಅಲ್ಲಿಗೇ ನಿಲ್ಲುತ್ತದೆ.

ಹಾಗೆ ಆ ಸಲ ಒಂಬತ್ತು ಬಾಟ್ಲಿ ಆಗಿತ್ತು. ಆರು ಗಾಜು, ಮೂರು ಪ್ಲಾಸ್ಟಿಕ್. ನಾಲ್ಕು ಗಾಜಿನವು ಮೇಲಿನ ರ‍್ಯಾಕಿನಲ್ಲಿ, ಎರಡು ಬಾಗಿಲಿನಲ್ಲಿ, ಪ್ಲಾಸ್ಟಿಕ್ಕಿನವು ಎರಡನೇ ರ‍್ಯಾಕಿನಲ್ಲಿ. ಸಿಡಿಯಬಾರದು ಎಂದು ಫ್ರಿಜ್ಜಿಗಿಟ್ಟದ್ದು ಫ್ರಿಜ್ಜಿನಲ್ಲೇ ಒಡೆಯಿತು.

ಚಿಕ್ಕಪ್ಪನ ಮಗನಿಗೆ ವೀಡಿಯೊ ಕಾಲ್ ಮಾಡಿದೆ. ಅಲ್ಲಿ ಹಿಂದಿನ ದಿನದ ರಾತ್ರಿ ಒಂಬತ್ತೂವರೆ. ಫೋನನ್ನು ಫ್ರಿಜ್ಜಿನೊಳಗೆ ಹಿಡಿದು ತೋರಿಸಿದೆ. ನಗುತ್ತಾನೆ ಅಂದುಕೊಂಡಿದ್ದೆ, ನಗಲಿಲ್ಲ.

"ಅಣ್ಣಾ, ಮೊದಲು ಕನ್ನಡಕ ಹಾಕ್ಕೋ. ಬರಿಗೈಲಿ ಮುಟ್ಟಬೇಡ" ಅಂದ.

ಅವನದೂ ಒಮ್ಮೆ ಹೀಗೇ ಆಗಿತ್ತಂತೆ. ಅಲ್ಲಿ ಮನೆಯಲ್ಲಿ ಬಿಯರ್ ಮಾಡುವವರು ಐಸ್‌ಕ್ರೀಮ್ ಅಂಗಡಿಯಲ್ಲಿರುವಂಥ, ಮೇಲೆ ಮುಚ್ಚಳ ತೆರೆಯುವ ಫ್ರೀಜರ್ ಕೊಂಡು, ಹೊರಗಿಂದ ಒಂದು ಕಂಟ್ರೋಲರ್ ಸಿಕ್ಕಿಸಿ ಅದನ್ನು ಫ್ರಿಜ್ಜಿನಂತೆ ಬಳಸುತ್ತಾರೆ. ಒಳಗೆ ಇಳಿಬಿಟ್ಟ ಒಂದು ತಂತಿ ಶಾಖ ಅಳೆದು, ಸಾಕಷ್ಟು ತಣ್ಣಗಾದಾಗ ಕರೆಂಟು ಕಡಿಯಬೇಕು. ಏನೋ ತೆಗೆಯುವಾಗ ಆ ತಂತಿ ಜಾರಿ ಹೊರಗೆ ಬಿದ್ದಿದೆ. ಗ್ಯಾರೇಜಿನ ಬೆಚ್ಚನೆ ಗಾಳಿಯನ್ನೇ ಅಳೆಯುತ್ತ ಕಂಟ್ರೋಲರ್ ರಾತ್ರಿಯಿಡೀ "ಇನ್ನೂ ತಣ್ಣಗಾಗಿಲ್ಲ" ಎಂದು ಫ್ರೀಜರ್ ಓಡಿಸಿದೆ. ಹತ್ತೊಂಬತ್ತು ಲೀಟರಿನ ಸ್ಟೀಲ್ ಪೀಪಾಯಿ ಬೆಳಗಾಗುವಷ್ಟರಲ್ಲಿ ಅಲ್ಲಾಡಿಸಿದರೆ ಗಡಗಡ ಸದ್ದು. ಆರು ವಾರದ ಲಾಗರ್ ಬಿಯರ್.

"5 ಪರ್ಸೆಂಟ್ ಆಲ್ಕೊಹಾಲ್ ಇರೋ ಬಿಯರ್ರೇ ಸೊನ್ನೆಯಿಂದ ಎರಡು ಡಿಗ್ರಿ ಕೆಳಗೆ ಹೋದ್ರೆ ಐಸ್ ಆಗೋಕೆ ಶುರು ಆಗ್ತದೆ. ನಿಂದು ಅದಕ್ಕೂ ಮೊದಲೇ" ಅಂದ. ಹೌದು, ನನ್ನದರಲ್ಲಿ ಆಲ್ಕೊಹಾಲ್ ಇರುವುದೇ ಕಮ್ಮಿ. ಬೆಲ್ಲ ಇದೆ, ಆದರೆ ಸಕ್ಕರೆಯ ಕಣ ದೊಡ್ಡದು; ಅಷ್ಟೇ ತೂಕದ ಆಲ್ಕೊಹಾಲಿನ ಹಾಗೆ ಅದು ನೀರನ್ನು ಹೆಪ್ಪುಗಟ್ಟದಂತೆ ತಡೆಯಲಾರದು. ಸೊನ್ನೆಗಿಂತ ಒಂದು ಡಿಗ್ರಿ ಇಳಿದರೆ ಸಾಕಾಯಿತು.

ಇನ್ನು ಒಡೆದದ್ದರ ಲೆಕ್ಕ ಸುಲಭ. ನೀರು ಐಸಾದರೆ ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ. 650 ಮಿಲಿಗೆ ಹತ್ತಿರ ಹತ್ತಿರ 58 ಮಿಲಿ. ನಾನು ಬಾಟ್ಲಿಯ ಕುತ್ತಿಗೆಯಲ್ಲಿ ಬಿಟ್ಟ ಖಾಲಿ ಜಾಗ ಅಳೆದು ನೋಡಿದರೆ 25 ಮಿಲಿ. ಮೇಲಾಗಿ ಐಸು ಗ್ಯಾಸನ್ನು ಒಳಗೆ ಇಟ್ಟುಕೊಳ್ಳುವುದಿಲ್ಲ, ಹೊರಗೆ ನೂಕುತ್ತದೆ. ಉಳಿದ ಚೂರು ಜಾಗದಲ್ಲಿ ಅಷ್ಟೂ ಗ್ಯಾಸು ಒತ್ತಿಕೊಂಡಿರುತ್ತದೆ. ಕನ್ನಡಕ ಹಾಕು ಅಂದದ್ದು ಅದಕ್ಕೆ.

ಅಪ್ಪನ ಓದುವ ಕನ್ನಡಕ, ಮದ್ದು ಕಲಸುವಾಗ ಹಾಕುವ ರಬ್ಬರ್ ಗ್ಲೌಸು, ಒದ್ದೆ ಗೋಣಿಚೀಲ. ಒಡೆದ ಬಾಟ್ಲಿಯನ್ನು ಗೋಣಿಯಲ್ಲಿ ಸುತ್ತಿ ಹಿತ್ತಿಲ ಕಲ್ಲಿನ ಮೇಲೆ ಇಟ್ಟೆ. ಗಾಜು ಬಾಳೆಸಿಪ್ಪೆಯಂತೆ ಎರಡು ಹೋಳಾಗಿ ಬಿಟ್ಟಿತು. ಒಳಗೆ ಬಾಟ್ಲಿಯದೇ ಆಕಾರದ ಐಸಿನ ಬಾಟ್ಲಿ. ಅದನ್ನು ಕಲ್ಲಿಗೆ ಕುಟ್ಟಿ ಮುರಿದಾಗ ಕಂಡದ್ದನ್ನು ಮರೆಯಲಾರೆ. ಹೊರಗಿನ ಅರ್ಧ ಬೆರಳು ದಪ್ಪದ ಪದರ ಹೆಚ್ಚುಕಮ್ಮಿ ಬಿಳಿ. ಒಳಗೆ ಹೋದಂತೆ ತೆಳು ಹಳದಿ, ಆಮೇಲೆ ಜೇನಿನ ಬಣ್ಣ, ನಟ್ಟನಡುವೆ ಕಡುಗಂದು ತಿರುಳು. ಆ ತಿರುಳು ಗಟ್ಟಿಯೇ ಆಗಿರಲಿಲ್ಲ, ಬೆರಳು ಹಚ್ಚಿದರೆ ಅಂಟುತ್ತಿತ್ತು. ಹಸಿ ಅಡಿಕೆಯನ್ನು ಹೋಳು ಮಾಡಿದಾಗ ಬಿಳಿಯ ನಡುವೆ ಕೆಂಪು ಕಾಣುತ್ತದಲ್ಲ, ಹಾಗೆ. ಗೋಡೆಗೆ ತಾಗಿದ ನೀರು ಮೊದಲು ಐಸಾಗುತ್ತ, ಬೆಲ್ಲವನ್ನೂ ಶುಂಠಿಯನ್ನೂ ಒಳಗೊಳಗೆ ತಳ್ಳಿಕೊಂಡು ಹೋಗಿತ್ತು. ಐಸಿಗೆ ನೀರು ಮಾತ್ರ ಬೇಕು, ಉಳಿದದ್ದೆಲ್ಲ ಬೇಡ.

ಆಯಿ ಬಂದು ನೋಡಿ, "ಬಟ್ಟೆಲಿ ಸೋಸಿರೆ ಆಗ್ತಿಲ್ಯಾ?" ಅಂದಳು. ಜೋನಿ ಬೆಲ್ಲ ಹಾಳಾಗುವುದನ್ನು ನೋಡಲಾರದ ಜೀವ. ಬಟ್ಟೆಯಲ್ಲಿ ನಿಲ್ಲದ ಗಾಜಿನ ಪುಡಿ ಇರುತ್ತದೆ, ಬೇಡವೇ ಬೇಡ ಎಂದು ಅಷ್ಟನ್ನೂ ಗುಂಡಿ ತೋಡಿ ಹುಗಿದೆ.

ಎರಡನೆಯದು, ಬಿರಡೆ ಉಬ್ಬಿದ್ದು, ಪೂರ್ತಿ ನನ್ನ ತಪ್ಪಿನಿಂದ ಹೋಯಿತು. "ಬಚ್ಚಲ ಹಂಡೆ ಬೆಚ್ಚಗಿದ್ದು, ಅದ್ರ ಪಕ್ಕ ಇಡು" ಎಂದು ಆಯಿ ಹೇಳಿದ್ದಕ್ಕೆ, ಪಕ್ಕ ಯಾಕೆ ಎಂದು ಹಂಡೆಯ ಉಗುರುಬೆಚ್ಚಗಿನ ನೀರನ್ನೇ ಬಕೆಟ್ಟಿಗೆ ತೋಡಿ ಅದರಲ್ಲಿ ಬಾಟ್ಲಿ ಇಳಿಸಿದೆ. ಬಿರಡೆ ಸಡಿಲಾಗಿ ಗ್ಯಾಸು ಹೋಗಿದೆ, ಇನ್ನೇನು ಭಯ ಎಂಬ ಧೈರ್ಯ. ಎರಡು ಉಸಿರು ಎಳೆಯುವಷ್ಟರಲ್ಲಿ "ಟಿಣ್" ಎಂದು ತಳ ಕಳಚಿ ಬಿತ್ತು. ಹೊರಗಿನ ಗಾಜು ಬೆಚ್ಚಗಾಗಿ ಹಿಗ್ಗುತ್ತದೆ, ಒಳಗಿನದನ್ನು ಐಸು ಹಿಡಿದುಕೊಂಡಿರುತ್ತದೆ. ಎಳೆದಾಟದಲ್ಲಿ ಗಾಜು ಸೋಲುತ್ತದೆ. ಮಿನ್ನಿಯಾಪೊಲಿಸ್‌ನ ತಮ್ಮ ಹೇಳಿದ್ದು ಇದನ್ನೇ: ನಿಧಾನ, ನೇರ ನಿಲ್ಲಿಸಿ, ತಣ್ಣಗೇ ಕರಗಿಸು. ಅವನ ಫೋನ್ ಇಟ್ಟು ಅರ್ಧ ಗಂಟೆಯೂ ಆಗಿರಲಿಲ್ಲ.

ನಾಲ್ಕನೆಯದರ ಸರದಿ. ಇದು ಉಳಿಯಿತು ಎಂಬ ಸಂತೋಷದಲ್ಲಿ ಕಿಟಕಿಯ ಬೆಳಕಿಗೆ ಹಿಡಿದೆ. ತಿಳಿಯಾಗಿದೆ, ವಾಲಿಸಿದರೆ ನೀರು ನೀರಾಗಿ ಹರಿಯುತ್ತದೆ. ರುಚಿ ಹೇಗಿದೆಯೋ ನೋಡೋಣ ಎಂದು ಓಪನರ್ ಹಚ್ಚಿದೆ. ಚುಸ್ ಎಂದಿತು. ಗುಳ್ಳೆಗಳು ಎದ್ದವು. ಗುಳ್ಳೆಗಳ ಹಿಂದೆಯೇ ಕುತ್ತಿಗೆಯಿಂದ ಕೆಳಕ್ಕೆ ಬಿಳಿ ಎಳೆಗಳು ಇಳಿಯತೊಡಗಿದವು, ಕನ್ನಡಿಯ ಮೇಲೆ ಉಸಿರು ಹರಡುವ ಹಾಗೆ. ನಾಲ್ಕೈದು ಸೆಕೆಂಡಿನಲ್ಲಿ ನನ್ನ ಕೈಯಲ್ಲಿದ್ದ ನೀರು ಐಸಿನ ಗಂಜಿಯಾಯಿತು. ಒಲೆಯ ಮೇಲೆ ಹಾಲು ಉಕ್ಕುವಂತೆ ಬಾಯಿಯಿಂದ ಮೇಲೆದ್ದು ಬೆರಳುಗಳ ಮೇಲಿಂದ ಇಳಿಯಿತು, ಆದರೆ ಕೊರೆಯುವಷ್ಟು ತಣ್ಣಗೆ. ಆಯಿ "ಅಯ್ಯೋ" ಅಂದವಳು ಪಾತ್ರೆ ತಂದು ಕೆಳಗೆ ಹಿಡಿದಳು. ಗಾಬರಿಯಲ್ಲೂ ಅವಳ ಕೈಗೆ ಸಿಕ್ಕಿದ್ದು ಸರಿಯಾದ ಅಳತೆಯ ಪಾತ್ರೆ.

ನೀರು ಸೊನ್ನೆಗಿಂತ ಕೆಳಗೆ ಹೋದ ಕೂಡಲೇ ಐಸಾಗಬೇಕೆಂದೇನೂ ಇಲ್ಲ. ಮೊದಲ ಹರಳು ಕಟ್ಟಲು ಒಂದು ಆಸರೆ ಬೇಕು. ಅಲುಗಾಡದೆ ನಿಂತರೆ ಎಷ್ಟೋ ಹೊತ್ತು ನೀರಾಗಿಯೇ ಉಳಿಯುತ್ತದೆ. ಬಿರಡೆ ತೆಗೆದಾಗ ಒಳಗಿನ ಒತ್ತಡ ಒಮ್ಮೆಲೇ ಇಳಿದು ಸಾವಿರಾರು ಗುಳ್ಳೆ ಎದ್ದವಲ್ಲ, ಅದೇ ನೆಪ ಸಾಕಾಯಿತು. ಹಾಲಿಗೂ ಹಾಗೆಯೇ, ಹೆಪ್ಪು ಬೀಳುವವರೆಗೆ ಅದು ಹಾಲೇ. ಹೆಪ್ಪು ಹಾಕುವುದು, ಹೆಪ್ಪುಗಟ್ಟುವುದು ಎರಡಕ್ಕೂ ಒಂದೇ ಮಾತಿರುವುದು ನನ್ನ ತಲೆಗೆ ಹೋದದ್ದು ಆ ಹೊತ್ತಿಗೆ, ಕೈ ಮರಗಟ್ಟಿ ನಿಂತಾಗ.

ಆ ಗಂಜಿಯನ್ನು ನಾವು ಮೂವರೂ ಚಮಚದಲ್ಲಿ ತಿಂದೆವು. ಜಾತ್ರೆಯ ಐಸುಗಡ್ಡೆಗಿಂತ ಚೆನ್ನಾಗಿತ್ತು. ಅಪ್ಪ ಎರಡನೇ ಸಲ ಬಡಿಸಿಕೊಂಡರು.

ಉಳಿದದ್ದು ಮೂರನೆಯದು. ಅದನ್ನೂ ಮೂರು ಪ್ಲಾಸ್ಟಿಕ್ ಬಾಟ್ಲಿಗಳನ್ನೂ ಗೋಣಿ ಹೊದಿಸಿ ಉಗ್ರಾಣದ ಮೂಲೆಯಲ್ಲಿ ನೇರ ನಿಲ್ಲಿಸಿದೆ. ಪ್ಲಾಸ್ಟಿಕ್ಕಿನ ಎರಡರಲ್ಲಿ ಅಂಚಿಗೆ ಮಾತ್ರ ಐಸು ಹಿಡಿದಿತ್ತು, ಒಂದರ ತಳ ಉಬ್ಬಿ ನೆಟ್ಟಗೆ ನಿಲ್ಲುತ್ತಲೇ ಇರಲಿಲ್ಲ. ಅದನ್ನು ಅಕ್ಕಿ ಸೇರಿನೊಳಗೆ ಕೂರಿಸಿದೆ. ಮಧ್ಯಾಹ್ನದ ಹೊತ್ತಿಗೆ ಮೂರನೆಯದರಲ್ಲಿ ಅರ್ಧ ಕರಗಿ, ಕೆಳಗೆ ಕಂದು ನೀರು, ಮೇಲೆ ಬಿಳಿ ಐಸು ತೇಲುತ್ತಿತ್ತು. ತಮ್ಮನ ಪೀಪಾಯಿಯಲ್ಲಿ ಮೊದಲು ಬಂದ ಲೋಟ ವಿಪರೀತ ಸ್ಟ್ರಾಂಗ್ ಇತ್ತೆಂದು ಹೇಳಿದ್ದು ನೆನಪಾಯಿತು. ಜರ್ಮನಿಯಲ್ಲಿ ಹಾಗೆ ಐಸು ತೆಗೆದು ಗಟ್ಟಿ ಮಾಡಿದ ಬಿಯರಿಗೆ ಐಸ್‌ಬಾಕ್ ಎಂದು ಬೇರೆ ಹೆಸರೇ ಇದೆ. ಕುಲ್ಮ್‌ಬಾಖ್ ಎಂಬ ಊರಿನಲ್ಲಿ ಒಬ್ಬ ಹುಡುಗ ಚಳಿಯಲ್ಲಿ ಪೀಪಾಯಿಯನ್ನು ಒಳಗಿಡಲು ಮರೆತದ್ದರಿಂದ ಅದು ಹುಟ್ಟಿತು ಎಂದು ಕತೆ ಹೇಳುತ್ತಾರೆ. ಎಲ್ಲ ಊರಲ್ಲೂ ಒಬ್ಬ ಮರೆಗುಳಿ ಇರುತ್ತಾನೆ.

ಬಿರಡೆ ತೆಗೆದು ಬರೀ ನೀರನ್ನು ಬಗ್ಗಿಸಿಕೊಂಡೆ. ಕಾಲು ಲೀಟರ್ ಸಿಕ್ಕಿತು. ಬಣ್ಣ ಕಷಾಯದ್ದು, ಗ್ಯಾಸು ಕಮ್ಮಿ, ಶುಂಠಿ ನಾಲಿಗೆಯ ಬುಡಕ್ಕೆ ಹೋಗಿ ಕಚ್ಚುತ್ತದೆ, ಸಿಹಿ ಗಂಟಲಲ್ಲಿ ನಿಲ್ಲುತ್ತದೆ. ಬಾಟ್ಲಿಯಲ್ಲಿ ಉಳಿದ ಐಸು ಕರಗಿದ ಮೇಲೆ ಕುಡಿದು ನೋಡಿದೆ: ಶುಂಠಿ ತೊಳೆದ ನೀರು. ಒಂದೇ ಬಾಟ್ಲಿಯಿಂದ ಎರಡು.

ಆಗ ತೋಟದಲ್ಲಿ ಮದ್ದು ಹೊಡೆಯುತ್ತಿದ್ದರು. ಮಳೆ ಎರಡು ತಾಸು ಹೊಳವಾದರೂ ಕೊನೆಗೌಡ ಮರ ಹತ್ತುತ್ತಾನೆ, ಇಲ್ಲದಿದ್ದರೆ ಕೊಳೆ ತಡೆಯಲು ಸಾಧ್ಯವಿಲ್ಲ. ಸಾಮಾನ್ಯವಾಗಿ ನಡುವೆ ಬಂದು ಒಂದು ಲೋಟ ಶುಂಠಿ ಸೋಡಾ ಕುಡಿಯುವುದು ಅವನ ರೂಢಿ. ಅವತ್ತು ಅಪ್ಪ ಬಿಡಲಿಲ್ಲ, "ಈ ಗಟ್ಟಿದು ಮರ ಇಳಿದು ಕೈಕಾಲು ತೊಳದ ಮೇಲೆ" ಅಂದರು. ಸಂಜೆ ಜಗಲಿಯ ತುದಿಯಲ್ಲಿ ಕೂತು ಅವನು ಒಂದು ಗುಟುಕು ಕುಡಿದ, ಲೋಟದೊಳಗೆ ನೋಡಿದ, ಇನ್ನೊಂದು ಗುಟುಕು ಕುಡಿದ. "ಇದು ಹೊಡೀತದೆ ಹೆಗಡೇರೆ" ಅಂದ. ಆಯಿ ಅಡುಗೆಮನೆಯಿಂದ ಬಂದು ಬಾಟ್ಲಿ ಒಡೆದ ಕತೆಯನ್ನು ಮೊದಲಿಂದ ಕೊನೆವರೆಗೆ ಹೇಳಿದಳು.

ಇಷ್ಟೆಲ್ಲ ಆದರೂ ಯಾಕಾಯಿತು ಎಂಬುದು ಉಳಿದೇ ಇತ್ತು. ನನ್ನ ಮೊದಲ ಗುಮಾನಿ ಕರೆಂಟಿನ ಮೇಲೆ. ಘಟ್ಟದ ಮಳೆಗಾಲದಲ್ಲಿ ಏನೇ ಕೆಟ್ಟರೂ ಮೊದಲು ಬೈಸಿಕೊಳ್ಳುವುದು ಅದೇ. ಆದರೆ ಕರೆಂಟು ಹೋದರೆ ಕರಗಬೇಕು, ಹೆಪ್ಪುಗಟ್ಟುವುದು ಹೇಗೆ? ಶಿರಸಿಯ ರಿಪೇರಿಯವರಿಗೆ ಫೋನ್ ಮಾಡಿದರೆ "ಥರ್ಮೋಸ್ಟಾಟ್ ಹೋಗಿದೆ, ಹೊಸದು ಹಾಕಬೇಕು" ಎಂದು ನೋಡದೆಯೇ ಹೇಳಿದರು. ಮಳೆ ಕಮ್ಮಿಯಾದ ಮೇಲೆ ಬರುತ್ತಾರಂತೆ. ಬಂದರೆ ದಸರೆಗೆ.

ಸೋಡಾಕ್ಕಾಗಿಯೇ ಕೊಂಡ, ಉದ್ದ ಕಡ್ಡಿಯ ಡಿಜಿಟಲ್ ಥರ್ಮಾಮೀಟರ್ ನನ್ನ ಬಳಿ ಇತ್ತು. ಬರೀ ಗಾಳಿ ಅಳೆದರೆ ಪ್ರಯೋಜನವಿಲ್ಲ, ಬಾಗಿಲು ತೆಗೆದ ಕೂಡಲೇ ಬದಲಾಗುತ್ತದೆ. ಲೋಟದಲ್ಲಿ ನೀರಿಟ್ಟು ಅಳೆಯಬೇಕು. ನೀರು ಹೆಪ್ಪುಗಟ್ಟದಿರಲು ಎರಡು ಹಿಡಿ ಉಪ್ಪು. ಹಾಗೆ ಮೂರು ಲೋಟ ಮೂರು ಜಾಗದಲ್ಲಿಟ್ಟು ರಾತ್ರಿ ಕಳೆದೆ. ಬೆಳಿಗ್ಗೆ ಬಾಗಿಲಿನಲ್ಲಿ 6, ಎರಡನೇ ರ‍್ಯಾಕಿನ ಹಿಂದೆ ಸೊನ್ನೆಗೆ ಚೂರು ಕೆಳಗೆ, ಮೇಲಿನ ರ‍್ಯಾಕಿನಲ್ಲಿ ಮೈನಸ್ 4. ಒಂದೇ ಪೆಟ್ಟಿಗೆಯೊಳಗೆ ಹತ್ತು ಡಿಗ್ರಿ ಅಂತರ. ಶಿರಸಿಗೂ ಕುಮಟೆಗೂ ಅಷ್ಟಿರುವುದಿಲ್ಲ.

ನಮ್ಮದು ಒಂದೇ ಬಾಗಿಲಿನ ಹಳೇ ಫ್ರಿಜ್ಜು. ಮೇಲಿನ ಫ್ರೀಜರ್ ಡಬ್ಬಿಯೇ ಅದರ ತಂಪಿನ ಮೂಲ. ತಣ್ಣನೆ ಗಾಳಿ ಭಾರ, ಅಲ್ಲಿಂದ ಕೆಳಗೆ ಸುರಿಯುತ್ತದೆ. ಒಳಗಿನ ಗುಂಡಿಯನ್ನು ಮೇ ತಿಂಗಳ ಸೆಕೆಗೆ 6ಕ್ಕೆ ತಿರುಗಿಸಿದ್ದು ಹಾಗೇ ಇತ್ತು. ಈ ಗುಂಡಿ ಅಳೆಯುವುದು ಫ್ರೀಜರಿನ ತಂಪನ್ನು, ಕೆಳಗಿನ ರ‍್ಯಾಕುಗಳದ್ದನ್ನಲ್ಲ. ಬೇಸಿಗೆಯಲ್ಲಿ ಅಡುಗೆಮನೆಯ ಬಿಸಿ ಗೋಡೆಯೊಳಗಿಂದ ನುಗ್ಗುತ್ತಿರುತ್ತದೆ, ಎರಡೂ ಸರಿದೂಗುತ್ತವೆ. ಆಷಾಢದಲ್ಲಿ ಹೊರಗೇ 22 ಡಿಗ್ರಿ. ನುಗ್ಗಲು ಬಿಸಿ ಎಲ್ಲಿದೆ? ಗುಂಡಿಯನ್ನು 3ಕ್ಕೆ ತಂದೆ. ಮರುದಿನ ಮೇಲಿನ ರ‍್ಯಾಕು ಮೈನಸ್ 2. ಇನ್ನೂ ಏನೋ ಇದೆ.

ಫ್ರಿಜ್ಜಿನ ಮುಂದೆ ಮಣೆ ಹಾಕಿಕೊಂಡು ಕೂತೆ. ಬಾಗಿಲಿನ ರಬ್ಬರಿಗೆ ಕಾಗದ ಸಿಕ್ಕಿಸಿ ಎಳೆದು ನೋಡಿದೆ, ಬಿಗಿಯಾಗಿಯೇ ಇತ್ತು. ಆಗ ಫ್ರೀಜರಿನ ಅಡಿಯಲ್ಲಿ ಎರಡೂ ಬದಿಗೆ ಉದ್ದ ತೋಡಿನಂಥದ್ದು ಕಂಡಿತು. ಏನೋ ಜಾರಿಸಿ ಕೂರಿಸುವ ತೋಡು. ಅದರಲ್ಲಿ ಏನೂ ಇರಲಿಲ್ಲ.

"ಆಯಿ, ಇಲ್ಲೊಂದು ಪ್ಲಾಸ್ಟಿಕ್ ಟ್ರೇ ಇತ್ತಲ್ಲ, ಹಾಲಿನ ಪ್ಯಾಕೆಟ್ ಇಡ್ತಿದ್ದದ್ದು?"

ಸ್ವಲ್ಪ ಹೊತ್ತು ಉತ್ತರ ಬರಲಿಲ್ಲ. ಆಮೇಲೆ, "ಅದಾ? ಆನೇ ತೆಗದಿದ್ದಿ. ಬೇಳೆ ಒಣಗ್ಸಲೆ."

ಹಲಸಿನ ಬೇಳೆ. ಒಲೆಯ ಮೇಲಿನ ಅಟ್ಟದಲ್ಲಿ, ಹೊಗೆಗೆ ಅರ್ಧ ಹಳದಿಯಾದ ಆ ಟ್ರೇ ತುಂಬ ಹಲಸಿನ ಬೇಳೆ ಹರಡಿಕೊಂಡಿತ್ತು. ಮಳೆಗಾಲದಲ್ಲಿ ಅಂಗಳದಲ್ಲಿ ಒಣಗಿಸುವಂತಿಲ್ಲ, ಬುಟ್ಟಿಗಳೆಲ್ಲ ತುಂಬಿವೆ, ಇದೊಂದು ಅಗಲ ತಟ್ಟೆ ಸುಮ್ಮನೆ ಫ್ರಿಜ್ಜಿನಲ್ಲಿ ಕೂತಿದೆ. ಅವಳ ಲೆಕ್ಕ ಸರಿಯೇ. ನಾನೂ ಅಷ್ಟು ದಿನ ಅದನ್ನು ಹಾಲಿಡುವ ಟ್ರೇ ಅಂದುಕೊಂಡಿದ್ದವನೇ. ಅದು ಫ್ರೀಜರಿನಿಂದ ಸುರಿಯುವ ತಂಪಿಗೆ ಕಟ್ಟಿದ ಅಡ್ಡಗಟ್ಟೆ; ಗಾಳಿಯನ್ನು ತಡೆದು ಬದಿಗಳಿಂದ ನಿಧಾನ ಕೆಳಗಿಳಿಸುತ್ತದೆ. ಗದ್ದೆಯ ಕಂಟದಂತೆ. ಅದನ್ನು ತೆಗೆದ ದಿನದಿಂದ ತಂಪೆಲ್ಲ ನೇರ ನನ್ನ ಬಾಟ್ಲಿಗಳ ತಲೆಯ ಮೇಲೆ ಬಿದ್ದಿತ್ತು.

ಬೇಳೆಯನ್ನು ಮೊರಕ್ಕೆ ಸುರುವಿ, ಟ್ರೇ ತೊಳೆದು, ತೋಡಿನಲ್ಲಿ ಕೂರಿಸಿದೆ. ಮರುದಿನ ಮೇಲಿನ ರ‍್ಯಾಕು 3, ಬಾಗಿಲು 7. ರಿಪೇರಿಯವರಿಗೆ ಬರುವುದು ಬೇಡ ಎಂದು ಫೋನ್ ಮಾಡಿದೆ.

ಪ್ಲಾಸ್ಟಿಕ್ ಬಾಟ್ಲಿಗಳು ಒಂದು ದಿನ ಪೂರ್ತಿ ಕರಗಿದ ಮೇಲೆ ಮತ್ತೆ ಬಾಗಿಲಿನಲ್ಲಿಟ್ಟು ತಣಿಸಿ ತೆಗೆದೆವು. ಗ್ಯಾಸು ಇತ್ತು. ತಳದಲ್ಲಿ ಹತ್ತಿಯ ಚೂರುಗಳಂಥದ್ದೇನೋ ಕೂತಿತ್ತು, ಅಲುಗಿಸಿದರೆ ಮಬ್ಬಾಗುತ್ತಿತ್ತು. ತಮ್ಮನ ಲಾಗರಿನಲ್ಲೂ ಕರಗಿದ ಮೇಲೆ ಹೀಗೇ ಚೂರುಗಳು ತೇಲಿದ್ದವಂತೆ. ಬಾರ್ಲಿಯ ಪ್ರೋಟೀನು ಚಳಿಗೆ ಒಂದಕ್ಕೊಂದು ಅಂಟಿ ಕೂರುವುದು ಅದು. ರುಚಿಗೆ ದೋಷವಿಲ್ಲ. ಯೀಸ್ಟು ಸತ್ತಿದೆಯೇ ಎಂಬ ಕುತೂಹಲಕ್ಕೆ ತಳದ ಗಸಿಯನ್ನು ಒಂದು ಲೋಟಕ್ಕೆ ಹಾಕಿ ಚಮಚ ಜೋನಿ ಬೆರೆಸಿ ಇಟ್ಟಿದ್ದೆ. ಮೊದಲ ದಿನ ಸುಮ್ಮನಿತ್ತು. ಎರಡನೇ ದಿನವೂ. ಮೂರನೇ ದಿನ ಬೆಳಿಗ್ಗೆ ಲೋಟದ ಅಂಚಿಗೆ ಸುತ್ತ ಸಣ್ಣ ಗುಳ್ಳೆಯ ಸರ.

ಈಗ ಗಾಜಿನ ಬಾಟ್ಲಿಗಳಿಗೆ ಮೂರು ಬೆರಳು ಜಾಗ ಬಿಟ್ಟು ತುಂಬುತ್ತೇನೆ, ಮಲಗಿಸುವುದಿಲ್ಲ. ಮೇಲಿನ ರ‍್ಯಾಕು ಆಯಿಗೆ ಬಿಟ್ಟುಕೊಟ್ಟಿದ್ದೇನೆ.

ಎರಡನೇ ಸಲದ ಮದ್ದಿಗೆ ಕೊನೆಗೌಡ ಬಂದಾಗ ಶ್ರಾವಣ ಹತ್ತಿರವಾಗಿತ್ತು. ಸಂಜೆ ಜಗಲಿಗೆ ಬಂದು ಕೂತ. ಹೊಸ ಬಾಟ್ಲಿ ತೆಗೆದು ಲೋಟಕ್ಕೆ ಬಗ್ಗಿಸಿಕೊಟ್ಟೆ, ಚೆನ್ನಾಗಿ ನೊರೆ ಬಂದಿತ್ತು, ಈ ವರ್ಷ ಅಷ್ಟು ಒಳ್ಳೆಯದು ಆಗಿರಲೇ ಇಲ್ಲ. ಅವನು ಅರ್ಧ ಲೋಟ ಕುಡಿದು ಪಕ್ಕಕ್ಕಿಟ್ಟು, ಎಲೆಗೆ ಸುಣ್ಣ ಹಚ್ಚುತ್ತ, ಅಡುಗೆಮನೆಯ ಕಡೆ ಒಮ್ಮೆ ನೋಡಿದ.

"ಆ ಟ್ರೇ ವಾಪಸ್ ಹಾಕಿಬಿಟ್ರಾ ಹೆಗಡೇರೆ?" ಅಂದ.